ಟ್ರಿಪ್ಪಿನ ಉದ್ದ ಹೇಳಿ, ಗಾಡಿ ಹೇಳುತ್ತೇನೆ

(ಮಂಡ್ಯದಲ್ಲಿ ರೈತರು ಮತ್ತು ಗೂಡ್ಸ್ ಗಾಡಿ ಮಾಲೀಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೊರಗೆ ಸಾಲಾಗಿ ನಿಂತಿರುವ ನಿಮ್ಮ ಗಾಡಿಗಳನ್ನು ನೋಡಿಕೊಂಡೇ ಒಳಗೆ ಬಂದೆ. ಬೆಲ್ಲ ಹೊರುವುದು ಯಾವುದು, ಎಳನೀರು ಹೊರುವುದು ಯಾವುದು ಅಂತ ಹಿಂದಿನ ಬಾಡಿ ನೋಡಿದರೇ ತಿಳಿಯುತ್ತದೆ. ಹೆಚ್ಚು ಕಡಿಮೆ ಎಲ್ಲವೂ ಡೀಸೆಲ್ ಪಿಕಪ್ಪೇ. ನಮ್ಮ ಜಿಲ್ಲೆಯ ಅರ್ಧ ವ್ಯವಹಾರ ಇವುಗಳ ಬೆನ್ನ ಮೇಲೆ ನಡೆಯುತ್ತಿದೆ ಅಂದರೆ ತಪ್ಪಾಗಲಾರದು. ಹೀಗಿದ್ದರೂ ಈ ಗಾಡಿಗಳ ಬಗ್ಗೆ ಕೂತು ಮಾತಾಡುವುದು ಕಡಿಮೆ. ಶೋರೂಮಿನವರು ಹೇಳಿದ್ದನ್ನು ಕೇಳುತ್ತೇವೆ, ಭಾವಮೈದ ಹೇಳಿದ್ದನ್ನು ಕೇಳುತ್ತೇವೆ, ಸಾಲ ಯಾರು ಬೇಗ ಕೊಡುತ್ತಾರೋ ಅವರ ಗಾಡಿ ತರುತ್ತೇವೆ.

ನನ್ನನ್ನು ಕರೆದ ಯಜಮಾನರು ಫೋನಿನಲ್ಲಿ ಹೇಳಿದ್ದು ಇಷ್ಟೇ: "ನಿಮ್ಮ ಮನೆ ಮುಂದೆ ಎರಡು ಪಿಕಪ್ ಇವೆ, ಎರಡನ್ನೂ ದುಡಿಸಿದ್ದೀರಿ. ಯಾವುದು ಒಳ್ಳೇದು ಅಂತ ನಮ್ಮ ಹುಡುಗರಿಗೆ ಹೇಳಿ ಸಾರ್."

ಹೇಳುತ್ತೇನೆ. ಕಂಪನಿ ಹೆಸರು ಮಾತ್ರ ಹೇಳುವುದಿಲ್ಲ. ಒಂದನ್ನು ಹಳೇದು, ಇನ್ನೊಂದನ್ನು ಹೊಸದು ಅಂತಲೇ ಕರೆಯುತ್ತೇನೆ. ಹಳೇದು ಬಿಎಸ್-3 ಕಾಲದ್ದು. ಬಿಎಸ್ ಅಂದರೆ ಗಾಡಿ ಎಷ್ಟು ಹೊಗೆ ಬಿಡಬಹುದು ಅನ್ನುವ ಸರ್ಕಾರದ ನಿಯಮ, ಅಂಕಿ ಏರಿದಷ್ಟೂ ನಿಯಮ ಬಿಗಿ. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಇಲ್ಲ, ಕಂಪ್ಯೂಟರ್ ಇಲ್ಲ. ಪಂಪು, ನಾಝಲ್ಲು, ನಾಲ್ಕು ಸಿಲಿಂಡರು, ಮುಗೀತು. ಅಂಥ ಗಾಡಿ ಈಗ ಶೋರೂಮಿನಲ್ಲಿ ಸಿಗುವುದಿಲ್ಲ. 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿಎಸ್-4 ಬಂತು, 2020ರ ಏಪ್ರಿಲ್ 1ರಿಂದ ಬಿಎಸ್-6. ಹೊಸದು ಈ ಬಿಎಸ್-6 ಗಾಡಿ. ಟರ್ಬೊ, ಎಲ್ಲಾ ನಾಝಲ್ಲಿಗೂ ಭಾರೀ ಒತ್ತಡದ ಒಂದೇ ಪೈಪಿನಿಂದ ಡೀಸೆಲ್ ಕೊಡುವ ಕಾಮನ್ ರೈಲ್, ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್, ಎಲ್ಲಾ ಕಡೆ ಸೆನ್ಸರ್. ಎರಡೂ ಇವತ್ತಿಗೂ ನನ್ನ ಹತ್ತಿರವೇ ಇವೆ. ಎರಡನ್ನೂ ನಾನೇ ಓಡಿಸುತ್ತೇನೆ.

ಯಾವುದು ಒಳ್ಳೇದು ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ. ನಿಮ್ಮ ಗಾಡಿ ಒಂದು ಸಲ ಸ್ಟಾರ್ಟ್ ಆದರೆ ಎಷ್ಟು ದೂರ ಓಡಿ ಆಫ್ ಆಗುತ್ತದೆ? ಎಷ್ಟು ಲೋಡು, ಎಷ್ಟು ಮೈಲೇಜು, ಇವೆಲ್ಲ ಆಮೇಲೆ. ಮೊದಲು ಆ ದೂರ ಹೇಳಿ. ಬಿಎಸ್-6 ಬಂದ ಮೇಲೆ ಡೀಸೆಲ್ ಗಾಡಿಯ ಹಣೆಬರಹ ಬರೆಯುವುದೇ ಅದು. ಶೋರೂಮಿನಲ್ಲಿ ಇದನ್ನು ಯಾರೂ ಕೇಳುವುದಿಲ್ಲ. ನನಗೆ ಸಿಟ್ಟು ಬರುವುದು ಅಲ್ಲೇ.

ಮೊದಲು ಹಳೇದರ ವಿಚಾರ.

ಹಳೇ ಗಾಡಿಯ ದೊಡ್ಡ ಗುಣ ಅಂದರೆ, ಕೆಟ್ಟರೆ ಏನು ಕೆಟ್ಟಿದೆ ಅಂತ ಅದು ಮನುಷ್ಯನಿಗೆ ತೋರಿಸುತ್ತದೆ. ಒಂದು ಸಲ ವಿ.ಸಿ. ನಾಲೆಯ ಏರಿ ಮೇಲೆ ಭತ್ತದ ಮೂಟೆ ತುಂಬಿಕೊಂಡು ಬರುವಾಗ ಡೀಸೆಲ್ ಮುಗಿದು ನಿಂತಿತು. ಕ್ಯಾನಿನಲ್ಲಿ ತಂದು ಸುರಿದರೆ ಸ್ಟಾರ್ಟ್ ಆಗಲಿಲ್ಲ. ಆಗುವುದೂ ಇಲ್ಲ, ಲೈನಿನಲ್ಲಿ ಗಾಳಿ ಹೊಕ್ಕಿರುತ್ತದೆ. ಬಾನೆಟ್ ಎತ್ತಿದೆ. ಡೀಸೆಲ್ ಫಿಲ್ಟರಿನ ತಲೆ ಮೇಲೆ ಒಂದು ಸಣ್ಣ ಸ್ಕ್ರೂ ಇರುತ್ತದೆ, ಅದನ್ನು ಸ್ಪ್ಯಾನರಿನಿಂದ ಎರಡು ಸುತ್ತು ಸಡಿಲ ಮಾಡಿದೆ. ಫೀಡ್ ಪಂಪಿನ ಪ್ರೈಮರನ್ನು ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಮೊದಲು ಬರೀ ಬುಸ್ ಅಂತ ಗಾಳಿ. ಆಮೇಲೆ ನೊರೆ ನೊರೆಯಾಗಿ ಡೀಸೆಲ್ಲು. ನೊರೆಯಲ್ಲಿ ಗುಳ್ಳೆ ಕಡಿಮೆಯಾಗುತ್ತಾ ಬಂದು, ಕೊನೆಗೆ ಒಂದು ಗುಳ್ಳೆಯೂ ಇಲ್ಲದ ತಿಳಿ ಡೀಸೆಲ್ ಸ್ಕ್ರೂ ಸುತ್ತ ಒಸರಿತು. ಸ್ಕ್ರೂ ಬಿಗಿ ಮಾಡಿ ಕೀ ತಿರುಗಿಸಿದೆ. ನಾಲ್ಕು ಸಲ ಕೆಮ್ಮಿ ಎದ್ದಿತು. ಮೆಕ್ಯಾನಿಕ್ ಬರಲಿಲ್ಲ, ಟೋಯಿಂಗ್ ಬರಲಿಲ್ಲ. ಮೂಟೆ ಅವತ್ತೇ ಮಿಲ್ ಸೇರಿತು.

ಹೊಸ ಗಾಡಿಯಲ್ಲಿ ಈ ಕೆಲಸಕ್ಕೆ ಹೋಗಬೇಡಿ. ಫಿಲ್ಟರ್ ಹತ್ತಿರ ಗಾಳಿ ತೆಗೆಯುವುದನ್ನು ಕೆಲವು ಮಾಡೆಲ್‌ಗಳಲ್ಲಿ ಮಾಡಬಹುದು. ಆದರೆ ಹಳೇ ಗಾಡಿಯ ಹಾಗೆ ಎಂಜಿನ್ ತಿರುಗುತ್ತಿರುವಾಗ ನಾಝಲ್ ಪೈಪಿನ ನಟ್ ಸಡಿಲ ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಟ್ಟುಬಿಡಿ. ಕಾಮನ್ ರೈಲ್ ಪೈಪಿನೊಳಗೆ 1,600 ಬಾರ್ ಒತ್ತಡ ಇರುತ್ತದೆ, ಕೆಲವು ಎಂಜಿನ್‌ಗಳಲ್ಲಿ ಅದಕ್ಕಿಂತ ಜಾಸ್ತಿ. ನಮ್ಮ ಹಿಂದಿನ ಟೈರಿಗೆ ಹಿಡಿಸುವ ಗಾಳಿ ನಾಲ್ಕೈದು ಬಾರ್. ಆ ಲೆಕ್ಕದಲ್ಲಿ ಊಹೆ ಮಾಡಿಕೊಳ್ಳಿ. ಕೂದಲೆಳೆಯಷ್ಟು ಸಂದಿಯಿಂದ ಚಿಮ್ಮಿದ ಡೀಸೆಲ್ಲು ಚರ್ಮ ಸೀಳಿಕೊಂಡು ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದ ಹಾಗೆ ಸಣ್ಣದು ಕಾಣುತ್ತದೆ, ಒಳಗೆ ಮಾಂಸ ಕೊಳೆಯುತ್ತದೆ. ಹಾಗೇನಾದರೂ ಆದರೆ ಮನೆ ಮದ್ದು ಮಾಡುತ್ತಾ ಕೂರಬೇಡಿ, ನೇರವಾಗಿ ಆಸ್ಪತ್ರೆಗೆ ಓಡಿ. ಇಲ್ಲಿ ಕೂತಿರುವ ಗ್ಯಾರೇಜ್ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನು ಹಳೇದರ ಕಷ್ಟ. ಸದ್ದು ಜಾಸ್ತಿ. ಏರು ಬಂದರೆ ಸೆಕೆಂಡ್ ಗೇರು. ಲೋಡಿನಲ್ಲಿ ಐವತ್ತು ದಾಟಿದರೆ ಸ್ಟೀರಿಂಗ್ ಕೈಯಲ್ಲಿ ನಡುಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಹೊಗೆ. ಗೇರ್ ಬದಲಿಸಿ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ಬರುವ ಬೈಕಿನವರ ಮುಖಕ್ಕೆ ಕಪ್ಪು ಹೊಗೆ ಹೋಗುವುದನ್ನು ಕನ್ನಡಿಯಲ್ಲಿ ನೋಡುತ್ತೇನೆ. ಪಂಪ್ ಸರ್ವಿಸ್ ಮಾಡಿಸಿ, ನಾಝಲ್ ಟೆಸ್ಟ್ ಮಾಡಿಸಿ, ಏರ್ ಫಿಲ್ಟರ್ ಬದಲಿಸಿ ಇಟ್ಟುಕೊಂಡರೆ ಹೊಗೆ ಬಹಳ ಕಡಿಮೆಯಾಗುತ್ತದೆ. ಆದರೆ ಪೂರ್ತಿ ಹೋಗುವುದಿಲ್ಲ. ಆ ಎಂಜಿನ್ ಹುಟ್ಟಿದ್ದೇ ಹಾಗೆ.

ಈಗ ಹೊಸದಕ್ಕೆ ಬರೋಣ.

ಹೊಸದನ್ನು ತಂದ ಮೇಲೆ ಮೊದಲು ದೊಡ್ಡ ಬಾಡಿಗೆ ಸಿಕ್ಕಿದ್ದು ಮಡಿಕೇರಿಗೆ, ಅಕ್ಕಿ ಮತ್ತು ಬೆಲ್ಲ. ಮೈಸೂರು, ಹುಣಸೂರು, ಪಿರಿಯಾಪಟ್ಟಣದವರೆಗೆ ಎರಡೂ ಗಾಡಿಗೆ ದೊಡ್ಡ ವ್ಯತ್ಯಾಸ ಇಲ್ಲ ಅನ್ನಿ. ಕುಶಾಲನಗರ ದಾಟಿ ಆನೆಕಾಡಿನ ಏರು ಶುರುವಾದಾಗ ಗೊತ್ತಾಗುತ್ತದೆ. ಹಳೇದು ಅಲ್ಲಿ ಗೇರ್ ಇಳಿಸಿ, ಇನ್ನೊಂದು ಇಳಿಸಿ, ಹಿಂದೆ ಬಸ್ಸಿನವರ ಹಾರ್ನ್ ಕೇಳುತ್ತಾ ಏರುತ್ತಿತ್ತು. ಹೊಸದು ಅದೇ ಲೋಡಿನಲ್ಲಿ ಥರ್ಡ್ ಗೇರಿನಲ್ಲಿ ಸಲೀಸಾಗಿ ಎಳೆಯಿತು. ಎಂಜಿನ್ ಕಿರುಚಲೂ ಇಲ್ಲ.

ಕಾರಣ ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ. ಬ್ರೋಶರ್ ನೋಡುವಾಗ ನಮ್ಮವರು ಎಷ್ಟು ಎಚ್‌ಪಿ ಅಂತ ಕೇಳುತ್ತಾರೆ. ಲೋಡ್ ಎಳೆಯುವವನು ಕೇಳಬೇಕಾದದ್ದು ಟಾರ್ಕ್ ಎಷ್ಟು, ಅದು ಎಷ್ಟು ಆರ್‌ಪಿಎಂಗೆ ಶುರುವಾಗುತ್ತದೆ ಅನ್ನುವುದು. ಈಗ ಮಾರುಕಟ್ಟೆಯಲ್ಲಿ ಎರಡು ಟನ್ ಹೊರುವ ಪಿಕಪ್‌ಗಳಿವೆ. 2022ರಲ್ಲಿ ಬಂದ ಟಾಟಾ ಯೋಧ 2.0ಕ್ಕೆ 2.2 ಲೀಟರ್ ಎಂಜಿನ್, 250 ನ್ಯೂಟನ್ ಮೀಟರ್ ಟಾರ್ಕ್. ಅದರ ಮರುವರ್ಷ ಬಂದ ಮಹೀಂದ್ರಾ ಬೊಲೆರೊ ಮ್ಯಾಕ್ಸ್ ಪಿಕಪ್‌ನ ಎಚ್‌ಡಿ ಸಾಲಿನಲ್ಲಿ 2.5 ಲೀಟರ್ ಎಂಜಿನ್, 220 ನ್ಯೂಟನ್ ಮೀಟರ್. ಎಂಜಿನ್ ದೊಡ್ಡದಿದ್ದರೂ ಟಾರ್ಕ್ ಕಡಿಮೆ ಇರಬಹುದು, ನೋಡಿದಿರಾ? ಹಾಗಂತ ಕಾಗದದ ಮೇಲಿನ ಅಂಕಿಯೇ ಎಲ್ಲ ಅಂತಲೂ ಅಲ್ಲ. ಗೇರ್ ಅನುಪಾತ, ಹಿಂದಿನ ಆಕ್ಸಲ್, ಟೈರಿನ ಎತ್ತರ ಎಲ್ಲಾ ಸೇರಿ ಎಳೆತ ಆಗುತ್ತದೆ. ಅದಕ್ಕೇ ಟೆಸ್ಟ್ ಡ್ರೈವ್ ಕೇಳುವಾಗ ಖಾಲಿ ಗಾಡಿ ಓಡಿಸಿ ಬರಬೇಡಿ. ಲೋಡ್ ಹಾಕಿ ಕೊಡಿ ಅಂತ ಹಟ ಮಾಡಿ. ಕೊಡುತ್ತಾರೆ.

ನಮ್ಮ ಹುಡುಗರು ಮೊಬೈಲಿನಲ್ಲಿ ಅಮೆರಿಕದ ಹೆವಿ ಡ್ಯೂಟಿ ಪಿಕಪ್ ವಿಡಿಯೊ ನೋಡುತ್ತಾ ಕೂತಿರುತ್ತಾರೆ. ರಾಮ್ 2500, ಫೋರ್ಡ್ ಎಫ್-250. ಎರಡರಲ್ಲೂ 6.7 ಲೀಟರ್ ಡೀಸೆಲ್ ಎಂಜಿನ್. ರಾಮ್‌ನಲ್ಲಿ ಕಮಿನ್ಸ್‌ನವರ ಆರು ಸಿಲಿಂಡರ್ ಒಂದೇ ಸಾಲಿನಲ್ಲಿ, ಫೋರ್ಡಿನಲ್ಲಿ ಎಂಟು ಸಿಲಿಂಡರ್ ವಿ ಆಕಾರದಲ್ಲಿ. ಟಾರ್ಕ್ ಸಾವಿರ ನ್ಯೂಟನ್ ಮೀಟರ್ ದಾಟುತ್ತದೆ. ನೋಡಲಿ, ಚೆನ್ನಾಗಿರುತ್ತದೆ. ಆದರೆ ಅವರ ಕೆಲಸ ಟ್ರೇಲರ್ ಕಟ್ಟಿ ಎಳೆಯುವುದು, ನಮ್ಮದು ಬೆನ್ನ ಮೇಲೆ ಹೊರುವುದು. ಅವರ ಸಂಗತಿ ಇಲ್ಲಿ ಯಾಕೆ ತಂದೆ ಅಂದರೆ, ಆ ದೈತ್ಯ ಗಾಡಿಗಳಿಗೂ ನಮ್ಮ ಗಾಡಿಗೂ ಒಂದು ಸಂಕಟ ಒಂದೇ. ಸೈಲೆನ್ಸರ್ ದಾರಿಯಲ್ಲಿ ಕೂತಿರುವ ಆ ಫಿಲ್ಟರ್. ಅವರಿಗೆ ಅದು 2007ರಲ್ಲೇ ಬಂತು, ನಮ್ಮ ಪಿಕಪ್‌ಗಳಿಗೆ ಬಿಎಸ್-6 ಜತೆ ಬಂತು.

ಡಿಪಿಎಫ್ ಅನ್ನುವ ಈ ಫಿಲ್ಟರ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಇವತ್ತಿನ ಮಾತಿನ ತಿರುಳೇ ಇದು.

ಡೀಸೆಲ್ ಉರಿದಾಗ ಮಸಿ ಬರುತ್ತದೆ. ಹಳೇ ಗಾಡಿ ಅದನ್ನು ಹೊರಗೆ ಉಗುಳುತ್ತದೆ. ಹೊಸ ಗಾಡಿ ಅದನ್ನು ಡಿಪಿಎಫ್‌ನಲ್ಲಿ ಹಿಡಿದಿಡುತ್ತದೆ. ಒಳಗೆ ಸಣ್ಣ ಸಣ್ಣ ತೂತಿನ ಸೆರಾಮಿಕ್ ಗೂಡು, ಗಾಳಿ ನುಸುಳುತ್ತದೆ, ಮಸಿ ಅಲ್ಲೇ ಉಳಿಯುತ್ತದೆ. ಹೀಗೆ ಉಳಿದ ಮಸಿ ತುಂಬಿಕೊಂಡರೆ ಎಂಜಿನ್ ಉಸಿರು ಕಟ್ಟುತ್ತದೆ. ಅದಕ್ಕೇ ಆಗಾಗ ಅದನ್ನು ಸುಡಬೇಕು. ಸುಡಲು 600 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಿಸಿ ಬೇಕು. ಕಂಪ್ಯೂಟರ್ ಸ್ವಲ್ಪ ಜಾಸ್ತಿ ಡೀಸೆಲ್ ಕೊಟ್ಟು ಆ ಬಿಸಿ ತರುತ್ತದೆ. ಇದಕ್ಕೆ ರೀಜನರೇಷನ್ ಅನ್ನುತ್ತಾರೆ.

ನಿಮ್ಮಲ್ಲಿ ಆಲೆಮನೆ ನಡೆಸುವವರು ಇದ್ದೀರಿ. ಒಲೆಗೆ ಬೆಳಗಿನ ಹೊತ್ತು ಕಬ್ಬಿನ ಸಿಪ್ಪೆ ಹಾಕಿದ ಕೂಡಲೇ ಚಿಮಣಿಯಲ್ಲಿ ಕಪ್ಪು ಹೊಗೆ ಬರುತ್ತದೆ. ಒಲೆ ಪೂರ್ತಿ ಕಾದು, ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಹೊತ್ತಿಗೆ ಅದೇ ಸಿಪ್ಪೆ ಹಾಕಿದರೂ ಹೊಗೆ ತಿಳಿಯಾಗುತ್ತದೆ. ಒಲೆ ಕಾಯುವ ಮೊದಲೇ ಆರಿಸಿ, ಮತ್ತೆ ಹಚ್ಚಿ, ಮತ್ತೆ ಆರಿಸಿ ಅಂತ ದಿನವಿಡೀ ಮಾಡಿದರೆ ಚಿಮಣಿ ಏನಾಗುತ್ತದೆ ಹೇಳಿ. ಡಿಪಿಎಫ್‌ಗೆ ಆಗುವುದೂ ಅದೇ.

ಗದ್ದೆಯಿಂದ ಆಲೆಮನೆಗೆ ಎರಡು ಮೂರು ಕಿಲೋಮೀಟರ್. ಅಲ್ಲಿ ಆಫ್. ಅಲ್ಲಿಂದ ಊರಿಗೆ. ಆಫ್. ಗೊಬ್ಬರ ತರಲು ಸೊಸೈಟಿಗೆ. ಆಫ್. ಇದು ನಮ್ಮ ಬಹಳ ಜನರ ದಿನಚರಿ. ಎಂಜಿನ್ ಕಾಯುವ ಮೊದಲೇ ನಿಲ್ಲುತ್ತದೆ. ಕಂಪ್ಯೂಟರ್ ಮಸಿ ಸುಡಲು ಶುರು ಮಾಡಿರುತ್ತದೆ, ಅರ್ಧಕ್ಕೆ ನಾವು ಕೀ ತೆಗೆದಿರುತ್ತೇವೆ. ನಾಲ್ಕು ಸಲ ಹೀಗಾದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಲೈಟ್ ಬರುತ್ತದೆ. ಅದನ್ನೂ ಕಡೆಗಣಿಸಿದರೆ ಗಾಡಿ ತನ್ನ ಶಕ್ತಿಯನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಆಕ್ಸಿಲರೇಟರ್ ಎಷ್ಟು ಒತ್ತಿದರೂ ತೆವಳುತ್ತದೆ. ಆಮೇಲೆ ಸರ್ವಿಸ್ ಸೆಂಟರ್.

ಇನ್ನೊಂದು ಕಣ್ಣಿಗೆ ಕಾಣದ ಹೊಡೆತ ಇದೆ. ಮಸಿ ಸುಡಲು ಕೊಟ್ಟ ಹೆಚ್ಚುವರಿ ಡೀಸೆಲ್ಲು, ಕೆಲಸ ಅರ್ಧಕ್ಕೆ ನಿಂತರೆ, ಸಿಲಿಂಡರ್ ಗೋಡೆ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತದೆ. ಆಯಿಲ್ ತೆಳುವಾಗುತ್ತದೆ. ಆಯಿಲ್ ಗೇಜ್ ಎಳೆದು ನೋಡಿದರೆ ಮಟ್ಟ ಇಳಿದಿರುವುದಿಲ್ಲ, ಏರಿರುತ್ತದೆ! ಆಯಿಲ್ ಕಮ್ಮಿಯಾದರೆ ನಾವೆಲ್ಲ ಗಾಬರಿಯಾಗುತ್ತೇವೆ, ಜಾಸ್ತಿಯಾದರೆ ಖುಷಿಯಾಗಿ ಬಾನೆಟ್ ಮುಚ್ಚುತ್ತೇವೆ. ಬಿಎಸ್-6 ಗಾಡಿಯಲ್ಲಿ ಆಯಿಲ್ ಮಟ್ಟ ಮೇಲಿನ ಗೆರೆ ದಾಟಿ, ಮೂಸಿದರೆ ಡೀಸೆಲ್ ವಾಸನೆ ಬಂದರೆ ಅವತ್ತೇ ಆಯಿಲ್ ಬದಲಿಸಿ. ತೆಳು ಆಯಿಲ್ ಮೊದಲು ತಿನ್ನುವುದು ಟರ್ಬೊ ಮತ್ತು ಬೇರಿಂಗ್. ಆಯಿಲ್ ಕೂಡ ಕಡಿಮೆ ಬೂದಿಯದ್ದೇ ಹಾಕಬೇಕು, ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ. ಅಗ್ಗಕ್ಕೆ ಸಿಕ್ಕಿತು ಅಂತ ಟ್ರ್ಯಾಕ್ಟರ್ ಆಯಿಲ್ ಸುರಿದರೆ ಅದರ ಬೂದಿ ಡಿಪಿಎಫ್‌ನಲ್ಲಿ ಕೂರುತ್ತದೆ. ಮಸಿಯನ್ನು ಸುಡಬಹುದು, ಬೂದಿಯನ್ನು ಸುಡಲು ಆಗುವುದಿಲ್ಲ.

ಇದೇ ಗಾಡಿಯನ್ನು ಬೆಂಗಳೂರು ಎಕ್ಸ್‌ಪ್ರೆಸ್‌ವೇಗೆ ಹತ್ತಿಸಿ ನೋಡಿ, ಬೇರೆ ಪ್ರಾಣಿ ಆಗುತ್ತದೆ. 2023ರ ಮಾರ್ಚ್‌ನಲ್ಲಿ ಆ ರಸ್ತೆ ಉದ್ಘಾಟನೆ ಆಗಿದ್ದು ನಮ್ಮ ಮಂಡ್ಯದಲ್ಲೇ. ಆ ವರ್ಷ ಆಗಸ್ಟ್‌ನಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗೆ ಅಲ್ಲಿ ಪ್ರವೇಶ ಇಲ್ಲ. ಪಿಕಪ್‌ಗೆ ಇದೆ. ಟೋಲ್ ಕಟ್ಟಿದರೂ, ಒಂದೇ ಸಮ ವೇಗದಲ್ಲಿ ಓಡುವ ಆ ಒಂದು ಗಂಟೆ ಡಿಪಿಎಫ್‌ಗೆ ಔಷಧಿ ಇದ್ದ ಹಾಗೆ. ನನ್ನ ಹೊಸ ಗಾಡಿಯಲ್ಲಿ ಲೈಟ್ ಬಂದಾಗ ನಾನು ಮಾಡುವುದು ಇಷ್ಟೇ: ಮದ್ದೂರು ಕಡೆಗೆ ಫೋರ್ತ್ ಗೇರಿನಲ್ಲಿ, ಎಂಜಿನ್ ಎರಡು ಸಾವಿರ ಆರ್‌ಪಿಎಂ ಮೇಲೆ ಇರುವ ಹಾಗೆ, ನಿಲ್ಲಿಸದೆ ಓಡಿಸುತ್ತೇನೆ. ಸ್ವಲ್ಪ ಹೊತ್ತಿಗೆ ಕಾದ ಕಬ್ಬಿಣದ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ಹೆದರಬೇಡಿ, ಕೆಲಸ ನಡೀತಿದೆ ಅಂತ ಅರ್ಥ. ಲೈಟ್ ಆರುವವರೆಗೆ ನಿಲ್ಲಿಸಬೇಡಿ. ಆ ಹೊತ್ತಿನಲ್ಲಿ ಒಣ ಹುಲ್ಲಿನ ಮೇಲೆ, ರಸ್ತೆಯಲ್ಲಿ ಹರಡಿದ ಹುರುಳಿ ಸೊಪ್ಪಿನ ಮೇಲೆ ಗಾಡಿ ನಿಲ್ಲಿಸಲೇಬೇಡಿ. ಕೆಳಗಿನ ಪೈಪು ಬೆಂಕಿ ಹಚ್ಚುವಷ್ಟು ಕಾದಿರುತ್ತದೆ.

ಈಗ ಒಂದು ಕಹಿ ಮಾತು. ಈ ತೊಂದರೆ ತಾಳಲಾರದೆ ಬಹಳ ಹುಡುಗರು "ಡಿಪಿಎಫ್ ಕಿತ್ತು ಬಿಸಾಕಿಸಿ ಅಣ್ಣ, ಸಾಫ್ಟ್‌ವೇರ್ ಬದಲಿಸಿ ಕೊಡುತ್ತಾರೆ, ಎಳೆತವೂ ಜಾಸ್ತಿಯಾಗುತ್ತದೆ" ಅನ್ನುತ್ತಾರೆ. ಮಾಡಿಕೊಡುವವರೂ ಇದ್ದಾರೆ. ನಾನು ಕೈ ಮುಗಿದು ಕೇಳುತ್ತೇನೆ, ಮಾಡಿಸಬೇಡಿ. ಕಾನೂನು ಒಪ್ಪುವುದಿಲ್ಲ, ವಾರಂಟಿ ಹೋಗುತ್ತದೆ, ಅದೆಲ್ಲಾ ಸರಿ. ನನ್ನ ಕಾರಣ ಬೇರೆ. 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬೀಡಿ ಸಿಗರೇಟಿನ ಹೊಗೆ ಇರುವ ಗುಂಪು ಅದು. ಆ ಹೊಗೆಯನ್ನು ಮೊದಲು ಕುಡಿಯುವವರು ಯಾರು? ಲೋಡ್ ಮಾಡುವಾಗ ಗಾಡಿಯ ಹಿಂದೆ ನಿಂತಿರುವ ನಮ್ಮ ಹಮಾಲಿಗಳು. ಶಾಲೆ ಬಿಟ್ಟಾಗ ರಸ್ತೆ ಬದಿ ನಡೆಯುವ ನಮ್ಮ ಮಕ್ಕಳು. ಹಳೇ ಗಾಡಿಗೆ ಆ ಫಿಲ್ಟರ್ ಇರಲಿಲ್ಲ, ಬೇರೆ ದಾರಿ ಇಲ್ಲ. ಇರುವ ಫಿಲ್ಟರ್ ಕಿತ್ತು ಅವರ ಎದೆಗೆ ಮಸಿ ತುಂಬುವುದು ಯಾವ ನ್ಯಾಯ?

ದೊಡ್ಡ ಕಂಪನಿಗಳೂ ಇದರಲ್ಲಿ ಸಿಕ್ಕಿಬಿದ್ದಿವೆ. ಆಗ ಹೇಳಿದ ರಾಮ್ 2500, 3500 ಗಾಡಿಗಳ ಎಂಜಿನ್‌ಗಳಲ್ಲಿ ಹೊಗೆ ನಿಯಮ ತಪ್ಪಿಸುವ ಸಾಫ್ಟ್‌ವೇರ್ ಇದೆ ಅಂತ ಅಮೆರಿಕ ಸರ್ಕಾರ ಆರೋಪ ಮಾಡಿತು. ಎಂಜಿನ್ ತಯಾರಿಸಿದ ಕಮಿನ್ಸ್ 167.5 ಕೋಟಿ ಡಾಲರ್ ದಂಡ ಕಟ್ಟಲು ಒಪ್ಪಿತು. ಅಷ್ಟು ದೊಡ್ಡ ದೇಶ ಹೊಗೆಯ ವಿಷಯಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುತ್ತದೆ ಅಂದರೆ ಸುಮ್ನೆ ಅಲ್ಲ.

ಕೆಲವು ಬಿಎಸ್-6 ಡೀಸೆಲ್ ಗಾಡಿಗಳಿಗೆ ಡಿಪಿಎಫ್ ಜತೆಗೆ ಹೊಗೆಯ ವಿಷಾನಿಲ ತಗ್ಗಿಸುವ ಡಿಇಎಫ್ ಅನ್ನುವ ನೀರನ್ನೂ ಹಾಕಬೇಕು. ಅದರಲ್ಲಿ ಶೇಕಡಾ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಯೂರಿಯಾ ಅಂದ ಕೂಡಲೇ ಒಬ್ಬರು ಅಲ್ಲಿ ನಕ್ಕರು, ಗೊತ್ತಾಯಿತು. ಗದ್ದೆಗೆ ಹಾಕುವ ಮೂಟೆಯಿಂದ ಕಲಸಬೇಡಿ. 2015ರಿಂದ ನಮ್ಮ ದೇಶದ ಯೂರಿಯಾಗೆಲ್ಲಾ ಬೇವಿನೆಣ್ಣೆ ಲೇಪ ಕಡ್ಡಾಯ. ಆ ಎಣ್ಣೆ, ಆ ಕೊಳೆ ಸಿಸ್ಟಮ್ ಒಳಗೆ ಹೋದರೆ ಉಳಿಸಿದ ದುಡ್ಡಿನ ನೂರು ಪಟ್ಟು ಕೈ ಬಿಡುತ್ತದೆ.

ಲೋಡಿನ ವಿಷಯ. ಹಳೇದರ ಹಿಂದೆ ಲೀಫ್ ಸ್ಪ್ರಿಂಗ್, ಹೊಸದರ ಹಿಂದೆಯೂ ಲೀಫ್ ಸ್ಪ್ರಿಂಗ್. ಹೊಸದರ ಪ್ಲೇಟು ದಪ್ಪ, ಟೈರು ಗಟ್ಟಿ. ಹೊರುವುದರಲ್ಲಿ ಹೊಸದೇ ಮೇಲು. ತಕರಾರು ಗಾಡಿಯದ್ದಲ್ಲ, ನಮ್ಮ ಲೆಕ್ಕದ್ದು. ಮದ್ದೂರಿನ ಎಳನೀರು ಮಾರುಕಟ್ಟೆಯಲ್ಲಿ ವ್ಯಾಪಾರ ಕಾಯಿ ಎಣಿಸಿ ನಡೆಯುತ್ತದೆ. ಸಾವಿರ ಕಾಯಿ ಅಂತ ಏರಿಸುತ್ತೇವೆ. ಒಂದು ಎಳನೀರು ಒಂದೂವರೆಯಿಂದ ಎರಡು ಕೆಜಿ ತೂಗುತ್ತದೆ, ನೀರು ತುಂಬಿದ ದಪ್ಪ ಕಾಯಿ ಇನ್ನೂ ಜಾಸ್ತಿ. ಸಾವಿರ ಕಾಯಿ ಅಂದರೆ ಒಂದೂವರೆ ಎರಡು ಟನ್ ಆಯಿತು. ಅದರ ಮೇಲೆ ಪಕ್ಕದ ಮನೆಯವರದ್ದು ಇನ್ನೂರು ಇರಲಿ ಬಿಡಿ ಅಂತ ಸೇರಿಸುತ್ತೇವೆ. ಆರ್‌ಸಿಯಲ್ಲಿ ಬರೆದಿರುವುದು ಕೆಜಿ, ನಮ್ಮ ಬಾಯಲ್ಲಿರುವುದು ಕಾಯಿ. 2019ರ ತಿದ್ದುಪಡಿ ಆದ ಮೇಲೆ ಓವರ್‌ಲೋಡ್‌ಗೆ 20,000 ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಒಂದು ತಿಂಗಳ ಲಾಭ ಅಲ್ಲಿಗೆ ಮುಗೀತು. ಒಂದು ಸಲ ಮಾಮೂಲಿ ಲೋಡನ್ನು ವೇಬ್ರಿಡ್ಜ್ ಮೇಲೆ ಹತ್ತಿಸಿ ತೂಕ ನೋಡಿ. ಒಂದು ಚೀಟಿಯ ದುಡ್ಡು ಅಷ್ಟೇ.

ದಂಡಕ್ಕಿಂತ ಬ್ರೇಕ್ ಮುಖ್ಯ. ತರಕಾರಿ ತುಂಬಿಕೊಂಡು ಕೇರಳಕ್ಕೆ ಹೋಗುವವರು ಇಲ್ಲಿದ್ದೀರಿ. ಬಂಡೀಪುರ ಗೇಟು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿರುತ್ತದೆ. ಗೇಟು ಸಿಗಲಿ ಅಂತ ಗುಂಡ್ಲುಪೇಟೆಯಿಂದಲೇ ಓಡಿಸಿಕೊಂಡು ಹೋಗುತ್ತೀರಿ. ಆ ಅವಸರವನ್ನು ವಯನಾಡು ದಾಟಿ ತಾಮರಶ್ಶೇರಿ ಘಾಟಿಗೂ ತೆಗೆದುಕೊಂಡು ಹೋಗಬೇಡಿ. ಒಂಬತ್ತು ಹೇರ್‌ಪಿನ್ ತಿರುವು, ಲೋಡಿನಲ್ಲಿ ಇಳಿಜಾರು. ಅಲ್ಲಿ ನನಗೆ ಹಳೇ ಗಾಡಿ ಕಲಿಸಿದ ಅಭ್ಯಾಸವೇ ಹೊಸದರಲ್ಲೂ ಕೈ ಹಿಡಿಯುತ್ತದೆ. ಆ ಘಾಟಿಯನ್ನು ಯಾವ ಗೇರಿನಲ್ಲಿ ಏರುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ನ್ಯೂಟ್ರಲ್ ಮಾತೇ ಬೇಡ. ಹೊಸದರ ಬ್ರೇಕ್ ಹಗುರ, ಕಾಲಿಟ್ಟರೆ ಹಿಡಿಯುತ್ತದೆ. ಹಗುರ ಇರುವುದಕ್ಕೇ ಜನ ಕಾಲು ತೆಗೆಯುವುದಿಲ್ಲ. ನಾಲ್ಕನೇ ತಿರುವಿಗೆ ಡ್ರಮ್ ಕಾದು, ಬ್ರೇಕ್ ಪೆಡಲ್ ಒಳಗೆ ಹೋಗಲು ಶುರುವಾಗುತ್ತದೆ.

ರಿಪೇರಿ ಖರ್ಚು ಅಂತ ಬಹಳ ಜನ ಕೇಳುತ್ತಾರೆ. ಹಳೇದು ತಿಂಗಳಿಗೊಮ್ಮೆ ಸಣ್ಣ ಸಣ್ಣದಾಗಿ ಕೇಳುತ್ತದೆ. ಗ್ರೀಸು, ಬೆಲ್ಟು, ಕ್ಲಚ್ ಪ್ಲೇಟು, ರೇಡಿಯೇಟರ್ ಹೋಸ್. ಮಂಡ್ಯದ ಯಾವ ಗ್ಯಾರೇಜಿನಲ್ಲಾದರೂ ಸಂಜೆಯೊಳಗೆ ಮುಗಿಯುತ್ತದೆ. ಹೊಸದು ತಿಂಗಳುಗಟ್ಟಲೆ ಏನೂ ಕೇಳುವುದಿಲ್ಲ. ಕೇಳಿದರೆ ಒಂದೇ ಸಲ ದೊಡ್ಡದಾಗಿ ಕೇಳುತ್ತದೆ. ಒಂದು ಸಲ ಶಕ್ತಿ ಕಡಿಮೆಯಾಯಿತು ಅಂತ ಒಂದು ಸರ್ವಿಸ್ ಸೆಂಟರಿಗೆ ಕೊಟ್ಟೆ. ಸ್ಕ್ಯಾನರ್ ಹಾಕಿ ಒಂದು ಸೆನ್ಸರ್ ಬದಲಿಸಿದರು, ಸರಿ ಹೋಗಲಿಲ್ಲ. ಇನ್ನೊಂದು ಬದಲಿಸಿದರು. ಕೊನೆಗೆ ನೋಡಿದರೆ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಪೈಪ್ ಸೀಳಿತ್ತು. ಕೈಯಾಡಿಸಿದರೆ ಸಿಗುವ ಸೀಳು. ಸ್ಕ್ಯಾನರ್ ತೋರಿಸುವುದು ಎಲ್ಲಿ ಏರುಪೇರಾಗಿದೆ ಅನ್ನುವುದನ್ನು. ಕಾರಣ ಹುಡುಕುವುದು ಮನುಷ್ಯನ ಕೆಲಸ. ನಮ್ಮ ಊರಿನ ಮೆಕ್ಯಾನಿಕ್ ಹುಡುಗರು ಸ್ಕ್ಯಾನರ್ ಕಲಿಯಬೇಕು, ಆ ಕೈ ಅಭ್ಯಾಸ ಬಿಡಲೂಬಾರದು. ಎರಡೂ ಬಲ್ಲವನಿಗೆ ಮುಂದಿನ ಇಪ್ಪತ್ತು ವರ್ಷ ಕೆಲಸಕ್ಕೆ ಬರ ಇಲ್ಲ.

ಮೈಲೇಜು: ಲೋಡಿನಲ್ಲಿ ದೂರದ ದಾರಿಗೆ ಹೊಸದು ಲೀಟರಿಗೆ ಒಂದೆರಡು ಕಿಲೋಮೀಟರ್ ಜಾಸ್ತಿ ಕೊಡುತ್ತದೆ. ಊರೊಳಗೆ ಆ ಲಾಭ ಇಲ್ಲವೇ ಇಲ್ಲ, ಮಸಿ ಸುಡುವುದಕ್ಕೆ ಡೀಸೆಲ್ ಹೋಗುತ್ತದಲ್ಲ. ಲೈಸೆನ್ಸ್ ಬಗ್ಗೆ ಚೀಟಿ ಕಳಿಸಿದ್ದಾರೆ. ಕಾರಿನ ಎಲ್‌ಎಂವಿ ಲೈಸೆನ್ಸ್ ಇದ್ದರೆ 7,500 ಕೆಜಿವರೆಗಿನ ಸರಕು ಗಾಡಿಯನ್ನೂ ಓಡಿಸಬಹುದು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಐದು ನ್ಯಾಯಮೂರ್ತಿಗಳ ಪೀಠ ಹೇಳಿದೆ. ನಮ್ಮ ಪಿಕಪ್‌ಗಳೆಲ್ಲಾ ಅದರೊಳಗೆ ಬರುತ್ತವೆ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಊರಿಂದ ಬೆಂಗಳೂರು, ಮೈಸೂರಿನ ಬಂಡಿಪಾಳ್ಯ, ಕೊಡಗು, ಕೇರಳ ಅಂತ ಓಡುವವರು ಕಣ್ಣು ಮುಚ್ಚಿ ಹೊಸದು ತೆಗೆದುಕೊಳ್ಳಿ. ಬೆನ್ನು ನೋವು ಕಡಿಮೆ, ಹೊಗೆ ಕಡಿಮೆ, ದಿನಕ್ಕೆ ಇನ್ನೊಂದು ಬಾಡಿಗೆ ಹೊಡೆಯಬಹುದು. ಗದ್ದೆ, ಆಲೆಮನೆ, ಸೊಸೈಟಿ, ಮನೆ ಇಷ್ಟರಲ್ಲೇ ಸುತ್ತುವವರು ಡೀಸೆಲ್ ಬಿಎಸ್-6ಗೆ ಸಾಲ ಮಾಡುವ ಮೊದಲು ಹತ್ತು ಸಲ ಯೋಚಿಸಿ. ಆ ಕೆಲಸಕ್ಕೆ ಸಿಎನ್‌ಜಿ ಪಿಕಪ್ ಇದೆ, ಪೆಟ್ರೋಲಿನ ಸಣ್ಣ ಗಾಡಿ ಇದೆ. ಮನೆಯಲ್ಲಿ ಗಟ್ಟಿಯಾಗಿರುವ ಹಳೇ ಡೀಸೆಲ್ ಇದ್ದರೆ ಎಫ್‌ಸಿ, ಹೊಗೆ ಪರೀಕ್ಷೆ ಸರಿಯಾಗಿ ಮಾಡಿಸಿ, ಪಂಪು ನಾಝಲ್ ಚೊಕ್ಕಟ ಮಾಡಿಸಿ ಅದನ್ನೇ ದುಡಿಸಿ. ನಾನು ಎರಡನ್ನೂ ಇಟ್ಟುಕೊಂಡಿರುವುದು ಇದೇ ಕಾರಣಕ್ಕೆ. ಹಳೇದು ಊರಿನ ಎಲ್ಲೆ ದಾಟುವುದು ಅಪರೂಪ, ಹೊಸದು ಗದ್ದೆ ಬದುವಿಗೆ ಇಳಿಯುವುದು ಅಪರೂಪ. ಇಬ್ಬರು ಅಣ್ಣತಮ್ಮಂದಿರು ಒಂದೊಂದು ಗಾಡಿ ತೆಗೆಯುವ ಯೋಚನೆಯಲ್ಲಿದ್ದರೆ ಇಬ್ಬರೂ ಒಂದೇ ಥರದ್ದು ತರಬೇಡಿ. ಒಂದು ದೂರಕ್ಕೆ, ಒಂದು ಹತ್ತಿರಕ್ಕೆ ಅಂತ ಹಂಚಿಕೊಳ್ಳಿ.

ಹಿಂದಿನ ಸಾಲಿನ ತಮ್ಮ ಕೇಳಿದ್ದು, ಸೆಕೆಂಡ್ ಹ್ಯಾಂಡ್ ಬಿಎಸ್-6 ತೆಗೆದುಕೊಳ್ಳಬಹುದಾ ಅಂತ. ಧಾರಾಳವಾಗಿ ತೆಗೆದುಕೊಳ್ಳಬಹುದು, ಆದರೆ ಮೀಟರ್ ನೋಡಿ ಮರುಳಾಗಬೇಡಪ್ಪ. ಓಡಿದ್ದು ಕಮ್ಮಿ ಅಂದರೆ ಊರೊಳಗೇ ಸುತ್ತಿ ಡಿಪಿಎಫ್ ಕಟ್ಟಿಸಿಕೊಂಡಿರುವ ಗಾಡಿಯೂ ಆಗಿರಬಹುದು. ಹೈವೇನಲ್ಲಿ ಜಾಸ್ತಿ ಓಡಿದ ಗಾಡಿಯೇ ಎಷ್ಟೋ ಸಲ ವಾಸಿ. ಎಂಜಿನ್ ತಣ್ಣಗಿರುವಾಗ ಹೋಗು. ಆಯಿಲ್ ಗೇಜ್ ಎಳೆದು ಮಟ್ಟ ನೋಡು, ಮೂಸು. ಕೀ ಆನ್ ಮಾಡಿದಾಗ ಎಂಜಿನ್ ಲೈಟ್ ಒಂದು ಸಲ ಹತ್ತಿ, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲ ಅಂದರೆ ಬಲ್ಬನ್ನೇ ಕಿತ್ತಿರುತ್ತಾರೆ. ಆಮೇಲೆ ಸೈಲೆನ್ಸರ್ ಬಾಯೊಳಗೆ ಬೆರಳು ಹಾಕಿ ಒಂದು ಸುತ್ತು ಒರೆಸು. ಡಿಪಿಎಫ್ ಸರಿಯಿರುವ ಗಾಡಿಯಲ್ಲಿ ಬೆರಳಿಗೆ ಬರೀ ಧೂಳು ಹತ್ತುತ್ತದೆ. ದಪ್ಪ ಕಪ್ಪು ಮಸಿ ಬಂದರೆ ಫಿಲ್ಟರ್ ಒಡೆದಿದೆ, ಇಲ್ಲಾ ಕಿತ್ತಿದ್ದಾರೆ. ಆಗ ಬೆಲೆ ಮಾತಾಡುವುದಕ್ಕೇ ಹೋಗಬೇಡ.